ವಾಪಸ್ ಬಾರದವರ ಲೆಕ್ಕ

ನಾನು ಶಿವಮೊಗ್ಗದಲ್ಲಿ ಒಂದು ಸಣ್ಣ ಫಿಸಿಯೋಥೆರಪಿ ಕ್ಲಿನಿಕ್ ನಡೆಸುತ್ತೇನೆ. 14 ವರ್ಷ ಆಯಿತು. ಬರುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಮಂಡಿ ನೋವಿನವರು. ಮೊದಲ ದಿನ ಎಲ್ಲರನ್ನೂ ಒಂದೇ ಪ್ರಶ್ನೆ ಕೇಳುತ್ತೇನೆ: ಸೊನ್ನೆ ಅಂದರೆ ನೋವೇ ಇಲ್ಲ, ಹತ್ತು ಅಂದರೆ ತಡೆಯೋಕೇ ಆಗದ ನೋವು, ನಿಮ್ಮದು ಎಷ್ಟು? ಕೆಲವರು ಏಳು ಅನ್ನುತ್ತಾರೆ, ಎಂಟು ಅನ್ನುತ್ತಾರೆ. "ಹತ್ತಕ್ಕೆ ಹನ್ನೆರಡು" ಅಂದವರೂ ಇದ್ದಾರೆ. ವಯಸ್ಸಾದವರನ್ನು ಎರಡು ವಾರ ಬಿಟ್ಟು ಮತ್ತೆ ಕೇಳಿದರೆ ಅವರ ಲೆಕ್ಕವೇ ಬೇರೆ. "ರೂಪಾಯಿಗೆ ನಾಲ್ಕಾಣೆ ಕಮ್ಮಿ ಆಗಿದೆ ಕಣಮ್ಮ." ಇದನ್ನೆಲ್ಲ ಒಂದು ಉದ್ದನೆಯ ರಿಜಿಸ್ಟರಿನಲ್ಲಿ ಬರೆದಿಡುವುದು ನನಗೆ ಮೊದಲಿಂದಲೂ ಅಭ್ಯಾಸ.

ನಾಲ್ಕು ವರ್ಷದ ಹಿಂದೆ ಆ ರಿಜಿಸ್ಟರು ಹಿಡಿದುಕೊಂಡು ಒಂದು ಸಮ್ಮೇಳನಕ್ಕೆ ಹೋದೆ. ಮಂಡಿ ನೋವಿಗೆ ನಾನೇ ಜೋಡಿಸಿಕೊಂಡ ಆರು ವ್ಯಾಯಾಮಗಳ ಒಂದು ಕ್ರಮ ಇತ್ತು. ಶುರುವಿನಲ್ಲಿ ಸರಾಸರಿ ನೋವು ಏಳು, ಆರು ವಾರದ ಮೇಲೆ ನಾಲ್ಕು. ಪೋಸ್ಟರ್ ಮಾಡಿಸಿದ್ದೆ, ಬಣ್ಣದ ಬಾರ್ ಚಾರ್ಟ್ ಹಾಕಿಸಿದ್ದೆ, ಆ ಎರಡು ಕಂಬಗಳ ನಡುವಿನ ಅಂತರ ನೋಡಿದಾಗಲೆಲ್ಲ ಎದೆ ತುಂಬಿ ಬರುತ್ತಿತ್ತು. ಹಿರಿಯ ಪ್ರಾಧ್ಯಾಪಕರೊಬ್ಬರು ಕನ್ನಡಕ ಮೇಲೆತ್ತಿ ಪೂರ್ತಿ ಓದಿದರು. ಆಮೇಲೆ ಮೆತ್ತಗೆ ಕೇಳಿದರು: "ಯಾರಿಗೆ ಹೋಲಿಸಿದರೆ ಕಡಿಮೆ ಆಗಿದೆ, ಮೇಡಂ? ಶುರುವಿನಲ್ಲಿ ಎಷ್ಟು ಜನ ಇದ್ದರು? ಕೊನೆಗೆ ಎಷ್ಟು ಜನ ಉಳಿದರು?"

ಕೊನೆಯ ಪ್ರಶ್ನೆಗೆ ಮಾತ್ರ ನನ್ನ ಹತ್ತಿರ ಉತ್ತರ ಇತ್ತು. 41.

ವಾಪಸ್ ಬರುವಾಗ ಬಸ್ಸಿನಲ್ಲಿ ನಿದ್ದೆ ಬರಲಿಲ್ಲ. ನನ್ನ ಡಿಗ್ರಿಯಲ್ಲಿ ಬಯೋಸ್ಟಾಟಿಸ್ಟಿಕ್ಸ್, ಅಂದರೆ ಆರೋಗ್ಯ ಕ್ಷೇತ್ರದ ಸಂಖ್ಯಾಶಾಸ್ತ್ರ, ಅಂತ ಒಂದು ವಿಷಯ ಇತ್ತು. ಮೀನ್, ಮೀಡಿಯನ್, ಮೋಡ್ ಬಾಯಿಪಾಠ ಮಾಡಿ ಪಾಸಾಗಿದ್ದೆ. ಆ ಪಾಠಕ್ಕೂ ನನ್ನ ಟೇಬಲ್ ಮೇಲಿನ ರಿಜಿಸ್ಟರಿಗೂ ಸಂಬಂಧ ಇದೆ ಅಂತ ಯಾರೂ ಹೇಳಿರಲಿಲ್ಲ. ನನಗೂ ಹೊಳೆದಿರಲಿಲ್ಲ.

ಕ್ಲಿನಿಕ್ ಬಾಗಿಲು ಹಾಕಿ, ಮನೆ ಬಿಟ್ಟು, ಯಾವುದೋ ಊರಿಗೆ ಹೋಗಿ ಓದುವ ವಯಸ್ಸಲ್ಲ. ಉಳಿದಿದ್ದು ಆನ್‌ಲೈನ್. ಹುಡುಕಿದಾಗ ಆಶ್ಚರ್ಯ ಆಯಿತು, ಎಷ್ಟೊಂದು ಇದೆ ಅಂತ. ಐಐಟಿಗಳೂ ಬೆಂಗಳೂರಿನ ಐಐಎಸ್‌ಸಿಯೂ ಸೇರಿ ಎನ್‌ಪಿಟಿಇಎಲ್ ಅನ್ನುವ ಆನ್‌ಲೈನ್ ಪಾಠಗಳ ಯೋಜನೆ ಶುರು ಮಾಡಿದ್ದು 2003ರಲ್ಲಿ. 2017ರಲ್ಲಿ ಕೇಂದ್ರ ಸರ್ಕಾರದ ಸ್ವಯಂ ಅನ್ನುವ ಆನ್‌ಲೈನ್ ಕೋರ್ಸುಗಳ ತಾಣ ಬಂತು. ಚೆನ್ನೈನಲ್ಲಿರುವ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಅಂದರೆ ಐಸಿಎಂಆರ್‌ನ ರಾಷ್ಟ್ರೀಯ ಸಾಂಕ್ರಾಮಿಕ ರೋಗಶಾಸ್ತ್ರ ಸಂಸ್ಥೆ ಆರೋಗ್ಯ ಕ್ಷೇತ್ರದವರಿಗೆ ಅಂತಲೇ ಸಂಶೋಧನೆಯ ಮೂಲಪಾಠಗಳನ್ನು ಆನ್‌ಲೈನಿನಲ್ಲಿ ಕಲಿಸುತ್ತದೆ. ಪಾಠ ಕೇಳೋದಕ್ಕೆ ದುಡ್ಡಿಲ್ಲ, ಸರ್ಟಿಫಿಕೇಟ್ ಬೇಕು ಅಂದರೆ ಮಾತ್ರ ಶುಲ್ಕ ಕಟ್ಟಿ ಪರೀಕ್ಷಾ ಕೇಂದ್ರಕ್ಕೆ ಹೋಗಿ ಬರೆಯಬೇಕು. ವೈದ್ಯಕೀಯ ಪಿಜಿ ವಿದ್ಯಾರ್ಥಿಗಳಿಗೆ ಇಂಥ ಒಂದು ಕೋರ್ಸ್ ಈಗ ಕಡ್ಡಾಯ. ನನಗೆ ಕಡ್ಡಾಯ ಇರಲಿಲ್ಲ. ಇಷ್ಟು ದಿನ ಬರೆದಿಟ್ಟ ಅಂಕಿಗಳಿಗೆ ಅರ್ಥ ಇದೆಯೋ ಇಲ್ಲವೋ ಅಂತ ತಿಳಿಯಬೇಕಿತ್ತು, ಅಷ್ಟೇ.

ರಾತ್ರಿ ಪಾತ್ರೆ ತೊಳೆದು, ಮಗಳು ಮಲಗಿದ ಮೇಲೆ, ಒಂಬತ್ತೂವರೆಯಿಂದ ಹನ್ನೊಂದರವರೆಗೆ ಓದು. ಜೂನ್ ಜುಲೈ ತಿಂಗಳು, ಹೊರಗೆ ಜಡಿಮಳೆ, ದಿನ ಬಿಟ್ಟು ದಿನ ಕರೆಂಟ್ ಹೋಗುತ್ತಿತ್ತು. ಪಾಠಗಳನ್ನು ಮೊದಲೇ ಫೋನಿಗೆ ಇಳಿಸಿಕೊಂಡು ಕತ್ತಲಲ್ಲಿ ನೋಡಿದ್ದೂ ಉಂಟು. ಕೆಲಸ ಮಾಡುತ್ತಾ ಓದುವವರಿಗೆ ಆನ್‌ಲೈನ್ ಪಾಠದ ದೊಡ್ಡ ಉಪಕಾರ ಅಂದರೆ ನಿಲ್ಲಿಸಬಹುದು. ಸ್ಟ್ಯಾಂಡರ್ಡ್ ಎರರ್ (ಒಂದು ಅಂದಾಜು ಎಷ್ಟು ಆಚೀಚೆ ಆಗಬಹುದು ಅನ್ನುವ ಅಳತೆ) ಅಂದರೇನು ಅಂತ ಒಂದೇ ವಿಡಿಯೋವನ್ನು ಆರು ಸಲ ಕೇಳಿದೆ. ತರಗತಿಯಲ್ಲಿ ಆರು ಸಲ ಕೈ ಎತ್ತಿ ಕೇಳುವ ಧೈರ್ಯ ಯಾರಿಗಿರುತ್ತದೆ?

ಆದರೆ ಒಂಟಿಯಾಗಿ ಓದಿದ್ದರೆ ಮೂರನೇ ವಾರಕ್ಕೇ ಬಿಟ್ಟುಬಿಡುತ್ತಿದ್ದೆ. ಪರಿಚಯದವರ ಮೂಲಕ ಐದಾರು ಜನ ಕನ್ನಡದವರು ಒಟ್ಟಾದೆವು. ಹುಬ್ಬಳ್ಳಿಯ ಅರಿವಳಿಕೆ ವೈದ್ಯೆ, ಹೂವಿನ ಹಡಗಲಿ ಕಡೆಯ ಪಶುವೈದ್ಯರು, ಮಸ್ಕತ್ತಿನಲ್ಲಿ ನರ್ಸ್ ಆಗಿರುವ ಉಡುಪಿಯ ಹೆಣ್ಣುಮಗಳು, ಇನ್ನಿಬ್ಬರು ಮೇಷ್ಟ್ರು. ಭಾನುವಾರ ರಾತ್ರಿ ಒಂದು ಗಂಟೆ ವಿಡಿಯೋ ಕಾಲ್. ಇಂಗ್ಲಿಷಿನಲ್ಲಿ ಕೇಳಿದ್ದನ್ನು ಕನ್ನಡದಲ್ಲಿ ಒಬ್ಬರಿಗೊಬ್ಬರು ಹೇಳಬೇಕು, ಅದೊಂದೇ ನಿಯಮ. ಪಿ ವ್ಯಾಲ್ಯೂ ಅಂದರೇನು ಅಂತ ಕನ್ನಡದಲ್ಲಿ ಹೇಳಲು ಹೋದಾಗಲೇ ಗೊತ್ತಾಗಿದ್ದು, ನಮಗೆ ಯಾರಿಗೂ ಅರ್ಥ ಆಗಿರಲಿಲ್ಲ ಅಂತ. ಕೊನೆಗೆ ಮಸ್ಕತ್ತಿನ ನರ್ಸ್ ಹೇಳಿದ್ದು ಎಲ್ಲರಿಗೂ ಹಿಡಿಸಿತು: "ಔಷಧಿಯಿಂದ ಏನೂ ಆಗಲೇ ಇಲ್ಲ ಅಂತ ಇಟ್ಟುಕೊಳ್ಳಿ. ಆಗಲೂ ಇಷ್ಟು ವ್ಯತ್ಯಾಸ, ಇಲ್ಲಾ ಇದಕ್ಕಿಂತ ಜಾಸ್ತಿ, ಸುಮ್ನೆ ಅದೃಷ್ಟದಲ್ಲಿ ಕಾಣಿಸಿಕೊಳ್ಳೋದು ನೂರಕ್ಕೆ ಎಷ್ಟು ಸಲ?" ಅಷ್ಟೇ. ಔಷಧಿ ಕೆಲಸ ಮಾಡುವ ಸಾಧ್ಯತೆ ಎಷ್ಟು ಅಂತ ಅದು ಹೇಳುವುದೇ ಇಲ್ಲ. ನಾನು ಇಷ್ಟು ವರ್ಷ ಹಾಗೇ ಅಂದುಕೊಂಡಿದ್ದೆ.

ಹಡಗಲಿಯ ಡಾಕ್ಟರಿಗೆ ಒಂದು ಹೆಮ್ಮೆ ಇತ್ತು. ಹೆಸರಾಂತ ಸಂಖ್ಯಾಶಾಸ್ತ್ರಜ್ಞ ಸಿ. ಆರ್. ರಾವ್ ಹುಟ್ಟಿದ್ದು ಅವರ ಊರಿನಲ್ಲೇ, 1920ರಲ್ಲಿ. ತೆಲುಗು ಮನೆತನ, ಮುಂದೆ ಕೋಲ್ಕತ್ತದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ ಹೋದರು, 2023ರಲ್ಲಿ ತೀರಿಕೊಂಡಾಗ 102 ವರ್ಷ. ಕೈಯಲ್ಲಿರುವ ಮಾಹಿತಿಯಿಂದ ಮಾಡುವ ಅಂದಾಜು ಎಷ್ಟರ ಮಟ್ಟಿಗೆ ನಿಖರ ಆಗಬಹುದು, ಅದಕ್ಕೊಂದು ಗಡಿ ಇದೆ ಅಂತ ಅವರು 1945ರಲ್ಲಿ ತೋರಿಸಿಕೊಟ್ಟರು. ಆಗ ಅವರಿಗೆ ಇಪ್ಪತ್ತೈದೂ ತುಂಬಿರಲಿಲ್ಲವೇನೋ. ಆ ಗಣಿತ ನನಗೆ ಎಟುಕುವುದಲ್ಲ. ಆದರೆ ಮಾತು ತಟ್ಟಿತು. ಎಷ್ಟೇ ಹಿಂಡಿದರೂ ನನ್ನ 41 ಜನರಿಂದ ಇಷ್ಟೇ ರಸ ಬರುವುದು.

ನನ್ನನ್ನು ನಿಜವಾಗಿ ಅಲ್ಲಾಡಿಸಿದ್ದು ನಾಲ್ಕನೇ ವಾರದ ಒಂದು ಸಣ್ಣ ಪಾಠ, ಹದಿನೈದೇ ನಿಮಿಷದ್ದು. ರಿಗ್ರೆಷನ್ ಟು ದ ಮೀನ್. ಸರಾಸರಿಯ ಕಡೆಗೆ ಮರಳುವುದು ಅನ್ನಿ. ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ 1886ರಲ್ಲಿ ಅಪ್ಪ ಅಮ್ಮಂದಿರ ಎತ್ತರ ಮಕ್ಕಳ ಎತ್ತರ ಪಕ್ಕಪಕ್ಕ ಇಟ್ಟು ನೋಡಿ ಕಂಡುಕೊಂಡದ್ದು: ತುಂಬಾ ಎತ್ತರದವರ ಮಕ್ಕಳು ಎತ್ತರ ಇರುತ್ತಾರೆ, ಆದರೆ ಸಾಮಾನ್ಯವಾಗಿ ಅಪ್ಪ ಅಮ್ಮನಷ್ಟಲ್ಲ. ಇದಕ್ಕೂ ನನಗೂ ಏನು ಸಂಬಂಧ? ಮಂಡಿ ನೋವು ದಿನವೂ ಒಂದೇ ಥರ ಇರುವುದಿಲ್ಲ. ಏರುತ್ತದೆ, ಇಳಿಯುತ್ತದೆ. ಜನ ನನ್ನ ಹತ್ತಿರ ಬರುವುದು ಯಾವಾಗ? ಏರಿದಾಗ. ಮೂರು ಇದ್ದಾಗ ಯಾರು ಬರುತ್ತಾರೆ, ಮನೆಯಲ್ಲೇ ಎಣ್ಣೆ ತಿಕ್ಕಿಕೊಳ್ಳುತ್ತಾರೆ. ತಡೆಯಲಾರದ ದಿನವೇ ಬಂದವರನ್ನು ಆರು ವಾರ ಬಿಟ್ಟು ಕೇಳಿದರೆ, ನಾನು ಏನೂ ಮಾಡದಿದ್ದರೂ ಬಹಳ ಮಂದಿಯಲ್ಲಿ ನೋವು ಇಳಿದೇ ಇರುತ್ತದೆ.

ವಿಡಿಯೋ ನಿಲ್ಲಿಸಿ ಸುಮ್ಮನೆ ಕೂತೆ. "ನಿಮ್ಮ ಕೈಗುಣ ಚೆನ್ನಾಗಿದೆ ಡಾಕ್ಟ್ರೇ" ಅಂತ ಎಷ್ಟು ಜನ ಹೇಳಿದ್ದಾರೆ! ಆ ಮಾತಿನ ಮೇಲೇ ನಾನು ಹದಿನಾಲ್ಕು ವರ್ಷ ನಡೆದು ಬಂದಿದ್ದೇನೆ. ಅದರಲ್ಲಿ ನನ್ನ ಕೈಯ ಪಾಲು ಎಷ್ಟು, ದಿನಗಳ ಪಾಲು ಎಷ್ಟು? ರಿಜಿಸ್ಟರು ನೋಡಿದರೆ ಗೊತ್ತಾಗುವುದಿಲ್ಲ. ಯಾಕೆಂದರೆ ಆ ಪ್ರಶ್ನೆಗೆ ಉತ್ತರ ಸಿಗುವ ಹಾಗೆ ನಾನು ಅದನ್ನು ಬರೆದೇ ಇಲ್ಲ. ಪಕ್ಕದಲ್ಲಿ ಇನ್ನೊಂದು ಗುಂಪು ಇರಬೇಕಿತ್ತು, ಬೇರೆ ವ್ಯಾಯಾಮ ಮಾಡಿದವರದ್ದು. ಯಾರು ಯಾವ ಗುಂಪಿಗೆ ಅಂತ ನಾನು ತೀರ್ಮಾನಿಸಬಾರದಿತ್ತು, ಚೀಟಿ ತೀರ್ಮಾನಿಸಬೇಕಿತ್ತು.

ಚೀಟಿಯ ಶಕ್ತಿ ಏನು ಅಂತ ನನಗೆ ಗೊತ್ತಾಗಿದ್ದು 1956ರ ಮದ್ರಾಸ್ ಪ್ರಯೋಗ ಓದಿದ ಮೇಲೆ. ಆಗ ಕ್ಷಯ ಬಂದರೆ ಸ್ಯಾನಿಟೋರಿಯಂಗೆ, ಅಂದರೆ ಕ್ಷಯದವರ ಆಸ್ಪತ್ರೆಗೆ, ಹೋಗಬೇಕು, ಒಳ್ಳೆ ಗಾಳಿ, ಒಳ್ಳೆ ಊಟ, ವಿಶ್ರಾಂತಿ ಬೇಕು ಅಂತ ಎಲ್ಲರ ನಂಬಿಕೆ. ಆದರೆ ರೋಗಿಗಳು ಇದ್ದಷ್ಟು ಹಾಸಿಗೆಗಳು ದೇಶದಲ್ಲಿ ಎಲ್ಲಿದ್ದವು? ಮದ್ರಾಸಿನಲ್ಲಿ 193 ಬಡ ರೋಗಿಗಳನ್ನು ತೆಗೆದುಕೊಂಡು, ಚೀಟಿ ಎತ್ತಿದ ಹಾಗೆ, ಒಂದು ಗುಂಪಿಗೆ ಮನೆಯಲ್ಲೇ, ಇನ್ನೊಂದಕ್ಕೆ ಸ್ಯಾನಿಟೋರಿಯಂನಲ್ಲಿ, ಒಂದು ವರ್ಷ ಒಂದೇ ಔಷಧಿ ಕೊಟ್ಟರು. ಮನೆಯಲ್ಲೇ ಔಷಧಿ ತೆಗೆದುಕೊಂಡವರಿಗೆ ಊಟ ಕಡಿಮೆ, ಜಾಗ ಇಕ್ಕಟ್ಟು, ವಿಶ್ರಾಂತಿಯ ಮಾತೇ ಇಲ್ಲ. ಆದರೂ 1959ರಲ್ಲಿ ಫಲಿತಾಂಶ ಬಂದಾಗ ಎರಡೂ ಗುಂಪು ಹೆಚ್ಚು ಕಡಿಮೆ ಸಮ ಇದ್ದವು. ಯಾರನ್ನು ಎಲ್ಲಿಗೆ ಕಳಿಸಬೇಕು ಅನ್ನುವುದನ್ನು ಡಾಕ್ಟರುಗಳಿಗೇ ಬಿಟ್ಟಿದ್ದರೆ, ತೀರಾ ಸೊರಗಿದವರನ್ನು ಕನಿಕರದಿಂದ ಸ್ಯಾನಿಟೋರಿಯಂಗೇ ಕಳಿಸುತ್ತಿದ್ದರು ಅಲ್ವಾ? ಆಮೇಲೆ ಎರಡು ಗುಂಪನ್ನು ಹೋಲಿಸಿ ಏನು ಪ್ರಯೋಜನ? 1962ರಲ್ಲಿ ಶುರುವಾದ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ, ಅದನ್ನು ರೂಪಿಸಿದ್ದು ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿರುವ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ, ಮನೆಯಲ್ಲೇ ಚಿಕಿತ್ಸೆ ಅನ್ನುವುದನ್ನೇ ನೆಚ್ಚಿಕೊಂಡಿತು. ನನ್ನ ಅಜ್ಜನಿಗೆ ಕ್ಷಯ ಆಗಿತ್ತು. ಸಾಗರದ ಹತ್ತಿರದ ನಮ್ಮ ಮನೆಯ ಜಗಲಿಯಲ್ಲೇ ಮಲಗಿ, ಮಾತ್ರೆ ನುಂಗಿ, ಹುಷಾರಾದವರು. ಅವರ ಮಾತ್ರೆಯ ಹಿಂದೆ ಹೀಗೊಂದು ಚೀಟಿ ಇತ್ತು ಅಂತ ನನಗೆ 40 ದಾಟಿದ ಮೇಲೆ ಗೊತ್ತಾಯಿತು.

ಪ್ರಯೋಗ ಮುಗಿದ ಮೇಲೆ ಸಂಖ್ಯಾಶಾಸ್ತ್ರಜ್ಞನ ಹತ್ತಿರ ಹೋಗುವುದು ಅಂದರೆ ಹೆಣದ ಪರೀಕ್ಷೆ ಮಾಡು ಅಂತ ಕೇಳಿದ ಹಾಗೆ, ಯಾತರಿಂದ ಸತ್ತಿತು ಅಂತ ಆತ ಹೇಳಿದರೂ ಹೇಳಬಹುದು. ಇದು ಇಂಗ್ಲೆಂಡಿನ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಷರ್ ಹೇಳಿದ ಮಾತಿನ ತಿರುಳು, ಹೇಳಿದ್ದು 1938ರಲ್ಲಿ, ನಮ್ಮದೇ ದೇಶದ ಮೊದಲ ಸಂಖ್ಯಾಶಾಸ್ತ್ರ ಸಮ್ಮೇಳನದಲ್ಲಿ, ಕೋಲ್ಕತ್ತದಲ್ಲಿ. ನಮ್ಮಲ್ಲಿ ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಅನ್ನುತ್ತೇವೆ. ಬಹಳಷ್ಟು ಆನ್‌ಲೈನ್ ತರಬೇತಿಗಳ ಬಗ್ಗೆ ನನಗಿರುವ ತಕರಾರು ಇದೇ. ಬಾಗಿಲು ಹಾಕುವುದನ್ನು ಕೊನೆಗೆ ಕಲಿಸುತ್ತಾರೆ. ಮೊದಲ ವಾರ ಸರಾಸರಿ, ಎರಡನೇ ವಾರ ಗ್ರಾಫು, ಐದನೇ ವಾರ ಟಿ ಟೆಸ್ಟ್ (ಎರಡು ಗುಂಪಿನ ಸರಾಸರಿ ಹೋಲಿಸುವ ಪರೀಕ್ಷೆ), ಆಮೇಲೆ ಸಾಫ್ಟ್‌ವೇರಿನಲ್ಲಿ ಎಲ್ಲಿ ಒತ್ತಬೇಕು. ಪ್ರಶ್ನೆ ಏನು, ಯಾರನ್ನು ಸೇರಿಸಬೇಕು, ಎಷ್ಟು ಜನ ಬೇಕು ಅನ್ನುವುದು ಎಲ್ಲೋ ಕೊನೆಯ ಎರಡು ವಿಡಿಯೋ. ಅಷ್ಟೊತ್ತಿಗೆ ಅರ್ಧ ಜನ ಬಿಟ್ಟು ಹೋಗಿರುತ್ತಾರೆ. ಮಿಕ್ಕವರಿಗೆ ಒತ್ತುವುದು ಬರುತ್ತದೆ, ಯೋಚಿಸುವುದು ಬರುವುದಿಲ್ಲ.

ಒತ್ತುವುದು ಮಾತ್ರ ಬಂದರೆ ಏನಾಗುತ್ತದೆ ಅಂತ ಒಂದು ಲೆಕ್ಕ ಮಾಡಿ ನೋಡಿ. ಒಂದಕ್ಕೊಂದು ಸಂಬಂಧ ಇಲ್ಲದ 20 ಹೋಲಿಕೆ ಮಾಡಿದಿರಿ ಅನ್ನಿ, ಯಾವುದರಲ್ಲೂ ನಿಜವಾದ ವ್ಯತ್ಯಾಸ ಇಲ್ಲ. ಆದರೂ ಕನಿಷ್ಠ ಒಂದರಲ್ಲಿ ಪಿ ವ್ಯಾಲ್ಯೂ 0.05ಕ್ಕಿಂತ (ವ್ಯತ್ಯಾಸ ಬರೀ ಅದೃಷ್ಟದ್ದಲ್ಲ ಅಂತ ವಾಡಿಕೆಯಲ್ಲಿ ಒಪ್ಪುವ ಗೆರೆ) ಕೆಳಗೆ ಬರುವ ಸಾಧ್ಯತೆ ನೂರಕ್ಕೆ 64. ಅದೊಂದನ್ನೇ ಎತ್ತಿ ಬರೆದರೆ ಲೇಖನ ರೆಡಿ. ಬರೆದವರಿಗೆ ಮೋಸ ಮಾಡುವ ಉದ್ದೇಶ ಇರುವುದಿಲ್ಲ. ನನಗೂ ಇರಲಿಲ್ಲ. ಆದರೆ ಆ ಲೇಖನ ನಂಬಿ ಇನ್ಯಾವುದೋ ಊರಿನಲ್ಲಿ ಒಬ್ಬರು ಚಿಕಿತ್ಸೆ ಕೊಡುತ್ತಾರೆ, ಅದನ್ನು ಮರೆಯೋಕೆ ಆಗುವುದಿಲ್ಲ.

ಎಷ್ಟು ಜನ ಬೇಕು ಅನ್ನುವುದನ್ನೂ ಲೆಕ್ಕ ಹಾಕಿದೆ. ಆರ್ ಅಂತ ಉಚಿತ ಸಾಫ್ಟ್‌ವೇರ್ ಇದೆ, ನ್ಯೂಜಿಲೆಂಡಿನಲ್ಲಿ ಇಬ್ಬರು ಮೇಷ್ಟ್ರು ಶುರು ಮಾಡಿದ್ದು. ನೋವಿನ ಅಂಕಿಗಳು ಸರಾಸರಿಯಿಂದ ಆಚೀಚೆ ಚೆದುರುವ ಹರವು (ಸ್ಟ್ಯಾಂಡರ್ಡ್ ಡೀವಿಯೇಷನ್) ಸುಮಾರು ಎರಡು, ಎರಡು ಗುಂಪಿನ ನಡುವೆ ಒಂದು ಅಂಕಿಯ ವ್ಯತ್ಯಾಸ ಹಿಡಿಯಬೇಕು, ನಿಜವಾಗಿ ಇದ್ದರೆ ಹತ್ತಕ್ಕೆ ಎಂಟು ಸಲವಾದರೂ ಸಿಗಬೇಕು. ಉತ್ತರ: ಒಂದೊಂದು ಗುಂಪಿಗೆ 64 ಜನ. ಒಟ್ಟು 128. ನನ್ನಲ್ಲಿ ಇದ್ದದ್ದು ಒಂದೇ ಗುಂಪು, 41.

ಇನ್ನು ಪ್ರಾಧ್ಯಾಪಕರ ಎರಡನೇ ಪ್ರಶ್ನೆ. ಶುರುವಿನಲ್ಲಿ ಎಷ್ಟು ಜನ?

ಸಂಖ್ಯಾಶಾಸ್ತ್ರಜ್ಞ ಅಬ್ರಹಾಂ ವಾಲ್ಡ್ ಕಥೆ ನಿಮಗೆ ಗೊತ್ತಿರಬಹುದು. ಎರಡನೇ ಮಹಾಯುದ್ಧ, ಗುಂಡು ತಿಂದು ವಾಪಸ್ ಬಂದ ಅಮೆರಿಕದ ವಿಮಾನಗಳು, ತೂತು ಎಲ್ಲೆಲ್ಲಿದೆ ಅಂತ ಲೆಕ್ಕ. ತೂತು ಜಾಸ್ತಿ ಇರುವ ಕಡೆ ಅಲ್ಲ, ಕಡಿಮೆ ಇರುವ ಕಡೆ ತಗಡು ಗಟ್ಟಿ ಮಾಡಬೇಕು ಅನ್ನುವುದು ಆತನ ಲೆಕ್ಕದಿಂದ ಹೊರಟ ಮಾತು. ಯಾಕೆಂದರೆ ಅಲ್ಲಿ ಗುಂಡು ಬಿದ್ದವು ವಾಪಸ್ ಬಂದೇ ಇಲ್ಲ. ಆ ವಾಲ್ಡ್ ತೀರಿಕೊಂಡಿದ್ದು ನಮ್ಮ ಪಕ್ಕದಲ್ಲೇ ಅಂತ ನನಗೆ ಗೊತ್ತಿರಲಿಲ್ಲ. ಭಾರತಕ್ಕೆ ಉಪನ್ಯಾಸ ಕೊಡಲು ಬಂದಿದ್ದರು. 1950ರ ಡಿಸೆಂಬರ್‌ನಲ್ಲಿ ಅವರೂ ಅವರ ಹೆಂಡತಿಯೂ ಇದ್ದ ವಿಮಾನ ನೀಲಗಿರಿ ಬೆಟ್ಟದಲ್ಲಿ ಬಿತ್ತು. ವಾಪಸ್ ಬಾರದ ವಿಮಾನಗಳನ್ನು ಲೆಕ್ಕಕ್ಕೆ ಹಿಡಿದ ಮನುಷ್ಯ. ಇದನ್ನು ಓದಿದ ರಾತ್ರಿ ನನಗೆ ಊಟ ಸೇರಲಿಲ್ಲ.

ಮಾರನೇ ದಿನ ಮಧ್ಯಾಹ್ನ ಹಳೇ ರಿಜಿಸ್ಟರು ತೆಗೆದೆ. ರಟ್ಟು ಕಿತ್ತುಹೋಗಿತ್ತು, ಮಳೆಗಾಲದ ತೇವಕ್ಕೆ ಹಾಳೆಗಳು ಅಲೆಅಲೆ ಆಗಿದ್ದವು. ಮೊದಲ ಕಾಲಮ್ಮಿನಲ್ಲಿ 70 ಹೆಸರು. ಕೊನೆಯ ಕಾಲಮ್ಮಿನಲ್ಲಿ 41 ಅಂಕಿ. ಮಿಕ್ಕ 29 ಮನೆಗಳು ಖಾಲಿ. ಪೋಸ್ಟರ್ ಮಾಡುವಾಗ ಆ 29 ಸಾಲುಗಳನ್ನು ಪೆನ್ಸಿಲಿನಲ್ಲಿ ಹೊಡೆದುಹಾಕಿದ್ದೆ, ಪಕ್ಕದಲ್ಲಿ ನನ್ನದೇ ಅಕ್ಷರದಲ್ಲಿ "ಮಾಹಿತಿ ಇಲ್ಲ" ಅಂತ ಬರೆದಿದ್ದೆ. ನಮ್ಮಪ್ಪ ಅಡಿಕೆ ಬೆಳೆಯುವವರು. ಚೀಲದ ಬಾಯಲ್ಲಿರುವ ಹಿಡಿ ಅಡಿಕೆ ನೋಡಿ ಬೆಲೆ ಕಟ್ಟುವ ವ್ಯಾಪಾರಿಯನ್ನು ಅವರು ಇಡೀ ಜನ್ಮದಲ್ಲಿ ಕಂಡಿಲ್ಲ. ಕೈಯನ್ನು ತಳದವರೆಗೆ ಇಳಿಸಿ ನೋಡುತ್ತಾರೆ. ನಾನು ಚೀಲದ ಬಾಯಿ ಮಾತ್ರ ನೋಡಿ ಪೋಸ್ಟರ್ ಹಾಕಿಸಿದ್ದೆ.

ಫೋನ್ ಮಾಡಲು ಕೂತೆ. ಮೂರು ಮಧ್ಯಾಹ್ನ ಹಿಡಿಯಿತು. 29ರಲ್ಲಿ 21 ಜನ ಸಿಕ್ಕಿದರು. ಆರು ಜನ ಹುಷಾರಾಗಿದ್ದರು, ಅದಕ್ಕೇ ಬಂದಿರಲಿಲ್ಲ. ನಾಲ್ಕು ಜನ ಬೇರೆ ಕಡೆ ಹೋಗಿದ್ದರು, ಒಬ್ಬರು ನಾಟಿ ಔಷಧಿಗೆ. ಇಬ್ಬರಿಗೆ ಆಪರೇಷನ್ ಆಗಿತ್ತು. ಒಬ್ಬರ ಮಗ ಫೋನ್ ಎತ್ತಿ, ಅಪ್ಪ ಹೋಗಿ ಎಂಟು ತಿಂಗಳಾಯಿತು ಅಂದರು. ಅವರಿಗೆ ಏನು ಹೇಳಬೇಕೋ ತಿಳಿಯಲಿಲ್ಲ. ಉಳಿದ ಎಂಟು ಜನ ಬೇರೆ ಬೇರೆ ಮಾತಿನಲ್ಲಿ ಒಂದೇ ವಿಷಯ ಹೇಳಿದರು. ಹೊಸನಗರ ಕಡೆಯ ಅಜ್ಜಿ ಹೇಳಿದ್ದು ಹೀಗೆ:

"ನೀವು ಹೇಳಿಕೊಟ್ಟಿದ್ದು ಒಳ್ಳೇದೇ ಕಣಮ್ಮ. ನಿಮ್ಮ ಮೆಟ್ಲು ಹತ್ತಕ್ಕೆ ಆಗ್ತಿರ್ಲಿಲ್ಲ. ಹತ್ತಿದ ದಿನ ರಾತ್ರಿಯೆಲ್ಲ ನೋವು."

ನಮ್ಮ ಕ್ಲಿನಿಕ್ ಇರುವುದು ಮೊದಲನೇ ಮಹಡಿಯಲ್ಲಿ. ಕೆಳಗೆ ಮೆಡಿಕಲ್ ಶಾಪ್. ಫೋನ್ ಇಟ್ಟು ಹೊರಗೆ ಹೋಗಿ ಎಣಿಸಿದೆ. 22 ಮೆಟ್ಟಿಲು, ಅರ್ಧದಲ್ಲಿ ಒಂದು ತಿರುವು, ಹಿಡಿದುಕೊಳ್ಳೋಕೆ ಒಂದೇ ಕಡೆ ಕಂಬಿ. ಹದಿನಾಲ್ಕು ವರ್ಷ ದಿನಕ್ಕೆ ನಾಲ್ಕು ಸಲ ಹತ್ತಿ ಇಳಿದಿದ್ದೇನೆ. ಮಂಡಿ ನೋವಿನವರನ್ನು ನೋಡಲು 22 ಮೆಟ್ಟಿಲ ಮೇಲೆ ಕೂತಿದ್ದೆ. ಹತ್ತಲಾಗದವರು ತಾವಾಗಿಯೇ ಲೆಕ್ಕದಿಂದ ಬಿಟ್ಟು ಹೋಗಿದ್ದರು, ಹತ್ತಬಲ್ಲವರ ಸರಾಸರಿ ಏಳರಿಂದ ನಾಲ್ಕಕ್ಕೆ ಇಳಿದಿತ್ತು.

ಇದನ್ನು ಭಾನುವಾರ ಗುಂಪಿನಲ್ಲಿ ಹೇಳಿದಾಗ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಹುಬ್ಬಳ್ಳಿ ಮೇಡಂ ಎಚ್ಚರಿಸಿದರು, ಈ ಫೋನ್ ಲೆಕ್ಕವನ್ನೂ ಪೂರ್ತಿ ನಂಬಬೇಡ, ಅಷ್ಟು ದಿನದ ಹಿಂದಿನ ಕಾರಣ ಕೇಳಿದರೆ ಜನ ಈಗ ನೆನಪಾದದ್ದನ್ನು ಹೇಳುತ್ತಾರೆ, ಸಿಗದ ಎಂಟು ಜನರ ಕಥೆ ಏನೋ. ಸರಿ ಅವರ ಮಾತು. ಆದರೆ ಮೆಟ್ಟಿಲು ಇರುವುದು ನಿಜ.

ಆನ್‌ಲೈನ್ ತರಬೇತಿ ಕೊಡುವವರು ಯಾರಾದರೂ ಇದನ್ನು ಓದುತ್ತಿದ್ದರೆ ನನ್ನದು ಒಂದೇ ಕೋರಿಕೆ. ಕೆಲಸದಲ್ಲಿರುವವರು ನಿಮ್ಮ ತರಗತಿಗೆ ಬರಿಗೈಯಲ್ಲಿ ಬರುವುದಿಲ್ಲ. ಹಡಗಲಿಯ ಡಾಕ್ಟರ ಹತ್ತಿರ ಹಸುಗಳ ಕೆಚ್ಚಲುಬಾವಿನ ಪುಸ್ತಕ ಇದೆ, ಮೇಷ್ಟ್ರುಗಳ ಹತ್ತಿರ ಹಾಜರಿ ಪುಸ್ತಕ ಇದೆ. ಎಲ್ಲೋ ಯಾರೋ ಅಳೆದ ಹೂವಿನ ಎಸಳಿನ ಅಂಕಿಗಳನ್ನು ಕೊಟ್ಟು ಅಭ್ಯಾಸ ಮಾಡಿಸುವ ಬದಲು, ಮೊದಲ ವಾರವೇ ಅವರವರ ಪುಸ್ತಕ ತೆರೆಸಿ. ಯಾರ ಹೆಸರು ಇದರಲ್ಲಿ ಇಲ್ಲ ಅಂತ ಕೇಳಿ. ಸೂತ್ರ ಆಮೇಲೆ ಬರಲಿ. ಮತ್ತೆ ಒಂದಷ್ಟು ಪಾಠ ಕನ್ನಡದಲ್ಲೂ ಇರಲಿ. ನಮ್ಮ ಭಾನುವಾರದ ಗುಂಪಿನಲ್ಲಿ ಅರ್ಥ ಆದದ್ದೆಲ್ಲ ಕನ್ನಡದಲ್ಲೇ ಅರ್ಥ ಆಗಿದ್ದು.

ಪರೀಕ್ಷೆ ಬರೆದೆ, ಪಾಸಾಯಿತು. ಸರ್ಟಿಫಿಕೇಟ್ ಫೈಲಿನಲ್ಲಿದೆ. ಕೆಳಗಿನ ಮೆಡಿಕಲ್ ಶಾಪಿನ ಹಿಂದೆ ಒಂದು ಖಾಲಿ ಕೋಣೆ ಇತ್ತು, ಅದನ್ನು ಗುರುವಾರ ಮತ್ತು ಸೋಮವಾರಕ್ಕೆ ಬಾಡಿಗೆಗೆ ಹಿಡಿದೆ. ಮಂಡಿ ನೋವಿನವರೆಲ್ಲ ಈಗ ಅಲ್ಲಿಗೇ. ಹೊಸ ರಿಜಿಸ್ಟರಿನಲ್ಲಿ ಎರಡು ಕಾಲಮ್ ಜಾಸ್ತಿ: ಬಾರದಿದ್ದರೆ ಫೋನ್ ಮಾಡಿದ ದಿನ, ಬಾರದ ಕಾರಣ. ವಯಸ್ಸಾದವರಿಗೆ ಹತ್ತರ ಲೆಕ್ಕ ಬಿಟ್ಟಿದ್ದೇನೆ. ಮೊದಲ ದಿನದಿಂದ ಕೊನೆಯ ದಿನದವರೆಗೂ ರೂಪಾಯಿಗೆ ಎಷ್ಟಾಣೆ ಅಂತಲೇ ಕೇಳುತ್ತೇನೆ, ಆಣೆಯಲ್ಲೇ ಬರೆಯುತ್ತೇನೆ.

ಮೊನ್ನೆ ಗುರುವಾರ ಹೊಸನಗರದ ಅಜ್ಜಿ ಬಂದಿದ್ದರು, ಆರನೇ ವಾರ. ಮಗ ಆಟೋದಿಂದ ಇಳಿಸಿ ಬಾಗಿಲವರೆಗೆ ಕರೆತಂದ. ಎಷ್ಟಿದೆ ಅಜ್ಜಿ ಈಗ ಅಂತ ಕೇಳಿದೆ. ಮಂಡಿ ಮೇಲೆ ಕೈ ಇಟ್ಟುಕೊಂಡು ಸ್ವಲ್ಪ ಹೊತ್ತು ಯೋಚಿಸಿದರು. "ಸುಳ್ಳು ಯಾಕೆ ಹೇಳ್ಲಿ ಕಣಮ್ಮ, ಹನ್ನೆರಡಾಣೆ ಹಾಗೇ ಇದೆ" ಅಂದರು. ಹನ್ನೆರಡಾಣೆ ಅಂತಲೇ ಬರೆದುಕೊಂಡೆ.